ಮುಗಿಲ ಪಟ್ಟಣವೂ ಕೆಳಗಣ ಗಣಿಯೂ

ಆದರ್ಶರಾಜ್ಯವನ್ನು ವರ್ಣಿಸುವ ಗ್ರಂಥ ಯಾವುದೇ ಇರಲಿ, ಅದನ್ನು ಓದುವಾಗ ವಾಚಕನು ಕೇಳಿಕೊಳ್ಳತಕ್ಕ ಪ್ರಶ್ನೆಯೊಂದಿರುವದು. ಆ ರಾಜ್ಯದಲ್ಲಿ ಕಸವನ್ನು ಗುಡಿಸುವವರು ಯಾರು, ಕಲ್ಲನ್ನು ಒಡೆಯುವವರು ಯಾರು, ಮತ್ತು ಆ ರಾಜ್ಯವನ್ನು ಕಲ್ಪಿಸಿದವನು ಅವರನ್ನು ಎಲ್ಲಿ ನಿಲ್ಲಿಸಿರುವನು ಎಂಬದೇ ಆ ಪ್ರಶ್ನೆ. ಗ್ರೀಸ ದೇಶದ ಪ್ಲೇಟೋ ತನ್ನ ಆದರ್ಶಪಟ್ಟಣದ ಜನರನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಕೆಲವರ ಜೀವದಲ್ಲಿ ಬಂಗಾರವೂ ಕೆಲವರಲ್ಲಿ ಬೆಳ್ಳಿಯೂ ಉಳಿದವರಲ್ಲಿ ಕಬ್ಬಿಣ-ಕಂಚುಗಳೂ ಬೆರೆತಿರುವವೆಂಬ ಕಥೆಯನ್ನು ಪ್ರಜೆಗಳು ನಂಬುವಂತೆ ಮಾಡಬೇಕೆಂದನು. ಥಾಮಸ್ ಮೋರನು ೧೫೧೬ರಲ್ಲಿ ಬರೆದ 'ಯುಟೋಪಿಯ'ದಲ್ಲಿ ಬಂಗಾರಕ್ಕೆ ಬೆಲೆಯೇ ಇಲ್ಲ. ಆದರೆ ಬೆಲೆಯಿಲ್ಲದ ಆ ಬಂಗಾರದಿಂದಲೇ ಅಲ್ಲಿಯ ದಾಸರ ಸಂಕೋಲೆಗಳನ್ನು ಮಾಡಿಸುವರು. ದಾಸರೇ ಇಲ್ಲದ ದ್ವೀಪವನ್ನು ಅಷ್ಟು ದೊಡ್ಡ ಬುದ್ಧಿವಂತನಿಗೂ ಕಲ್ಪಿಸಲಾಗಲಿಲ್ಲ.

ಭಾರತೀಯರಿಗೆ ಆದರ್ಶರಾಜ್ಯವೆಂದರೆ ರಾಮರಾಜ್ಯ. ಅಲ್ಲಿಯೂ ಶಂಬೂಕನಿದ್ದಾನೆ. ಉತ್ತರಕಾಂಡದ ಆ ಕಥೆಯನ್ನು ಕನ್ನಡ ಸಾಹಿತ್ಯವು ಸುಮ್ಮನೆ ನುಂಗಿಕೊಳ್ಳಲಿಲ್ಲವೆಂಬದು ಅದರ ಹೆಗ್ಗಳಿಕೆ. ಕುವೆಂಪು ಅವರು ೧೯೪೪ರಲ್ಲಿ ಪ್ರಕಟಿಸಿದ 'ಶೂದ್ರ ತಪಸ್ವಿ'ಯಲ್ಲಿ ತಪಸ್ವಿಯ ವಧೆಯಾಗದಂತೆ ಕಥೆಯ ಗತಿಯನ್ನೇ ತಿರುಗಿಸಿದರು. ಮಾಸ್ತಿಯವರು ಹಳೆಯ ಕಥೆಯನ್ನು ಹೀಗೆ ಮಾರ್ಪಡಿಸುವದು ಯೋಗ್ಯವಲ್ಲವೆಂದು ಆಕ್ಷೇಪಿಸಿದರು; ಕುವೆಂಪು ಅವರು ಉತ್ತರವಿತ್ತರು. ಆ ವಾದದಲ್ಲಿ ಯಾರ ಪಕ್ಷ ಸರಿ ಎಂಬದನ್ನು ಇಲ್ಲಿ ನಿರ್ಣಯಿಸಬೇಕಾಗಿಲ್ಲ. ಆದರ್ಶರಾಜ್ಯದ ಕಥೆಯನ್ನು ಅದರ ಕಟ್ಟಕಡೆಯ ಪ್ರಜೆಯ ಕಡೆಯಿಂದ ಪರೀಕ್ಷಿಸುವ ಪದ್ಧತಿಯು ಕನ್ನಡದಲ್ಲಿ ಹೊಸದಲ್ಲವೆಂಬಷ್ಟೇ ಪ್ರಕೃತಕ್ಕೆ ಸಾಕು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆದರ್ಶರಾಜ್ಯವು ಗ್ರಂಥದಿಂದ ಹೊರಬಿದ್ದು ದೂರದರ್ಶನದ ಪರದೆಯನ್ನು ಹೊಕ್ಕಿತು. ಹಾಗೆ ಹೊಕ್ಕ ಕಥೆಗಳಲ್ಲಿ ಅಮೇರಿಕೆಯ 'ಸ್ಟಾರ್ ಟ್ರೆಕ್' ಎಂಬ ಕಥಾಮಾಲೆಗೆ ಸಿಕ್ಕಷ್ಟು ಪ್ರಸಿದ್ಧಿಯು ಬೇರೊಂದಕ್ಕೆ ಸಿಕ್ಕಿದ್ದು ವಿರಳ. ಜೀನ್ ರಾಡನ್‌ಬೆರಿ ಎಂಬವನು ಕಲ್ಪಿಸಿದ ಇದು ೧೯೬೬ರ ಸಪ್ಟಂಬರ ೮ರಂದು ಮೊದಲಾಗಿ ೧೯೬೯ರ ವರೆಗೆ ಅಲ್ಲಿ ನಡೆಯಿತು. ೧೯೮೦ರ ದಶಕದಲ್ಲಿ ಭಾರತದ ದೂರದರ್ಶನದಲ್ಲಿಯೂ ತೋರಿಸಲ್ಪಟ್ಟಿತು. ಇದರ ಕಥೆ ನಡೆಯುವದು ಮುಂದಣ ಇಪ್ಪತ್ತಮೂರನೆಯ ಶತಮಾನದಲ್ಲಿ. ಭೂಮಿಯ ಮೇಲೆ ಯುದ್ಧವಿಲ್ಲ, ಹಸಿವಿಲ್ಲ, ವರ್ಣದ್ವೇಷವಿಲ್ಲ. 'ಎಂಟರ್‌ಪ್ರೈಸ್' ಎಂಬ ಆಕಾಶನೌಕೆಯು ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುತ್ತ, ಪ್ರತಿವಾರ ಒಂದು ಹೊಸ ಲೋಕವನ್ನು ಕಾಣುವದು. ನೌಕೆಯ ಅಧಿಪತಿ ಕರ್ಕ್; ಅವನ ಎಡಬಲದಲ್ಲಿ ಅನ್ಯಲೋಕದ ಸ್ಪಾಕ್ ಎಂಬ ತರ್ಕನಿಷ್ಠನೂ, ಮಕಾಯ್ ಎಂಬ ಮುಂಗೋಪಿ ವೈದ್ಯನೂ ಇರುವರು.

ಈ ನೌಕೆಯ ಮೇಲೆ ಆಫ್ರಿಕಾ ಮೂಲದ ಊಹುರ ಎಂಬ ಅಧಿಕಾರಿಣಿ ಇದ್ದಳು. ಏಶಿಯದವನಾದ ಸುಲು ಇದ್ದನು. ೧೯೬೭ರಿಂದ ಚೆಕೋವ್ ಎಂಬ ರಶಿಯನ್ ತರುಣನೂ ಬಂದು ಸೇರಿದನು. ಅಮೇರಿಕೆಯಲ್ಲಿ ಕಪ್ಪು ಜನರು ಪೌರಹಕ್ಕುಗಳಿಗಾಗಿ ಬೀದಿಯಲ್ಲಿ ಪೆಟ್ಟು ತಿನ್ನುತ್ತಿದ್ದ, ರಶಿಯದೊಡನೆ ವೈರವು ತುದಿಗೇರಿದ್ದ ಆ ವರ್ಷಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಊಹುರಳ ಪಾತ್ರವನ್ನು ವಹಿಸಿದ ನಿಚೆಲ್ ನಿಕೋಲ್ಸ್ ಎಂಬ ನಟಿಯು ಮೊದಲನೆಯ ವರ್ಷದ ತರುವಾಯ ಪಾತ್ರವನ್ನು ಬಿಟ್ಟು ಹೋಗಬೇಕೆಂದಿದ್ದಳಂತೆ, ಹೋಗಕೂಡದೆಂದು ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರೇ ತನಗೆ ಹೇಳಿದರೆಂದು ಆಕೆ ಆಮೇಲೆ ಅನೇಕ ಸಲ ಸ್ಮರಿಸಿದ್ದುಂಟು. ಆ ಒಂದು ಆಸನದಲ್ಲಿ ಕಪ್ಪು ಹೆಣ್ಣುಮಗಳು ಕುಳಿತಿರುವದನ್ನು ನೋಡುವದರಿಂದಲೇ ಸಾವಿರಾರು ಮನೆಗಳ ಮಕ್ಕಳಿಗೆ ಏನೋ ದೊರೆಯಿತೆಂಬದು ನಿಜ. ಈ ಗೌರವವನ್ನು ಮೊದಲು ಸಲ್ಲಿಸಿ, ಅನಂತರವೇ ದೋಷವನ್ನು ನೋಡುವದು ನ್ಯಾಯ.

ನೌಕೆಯ ಮೇಲೆ ವರ್ಣಭೇದವಿಲ್ಲ, ಪದವಿಭೇದವುಂಟು. ನಡುವೆ ಒಂದು ಆಸನವಿದೆ. ಅದರಲ್ಲಿ ಕರ್ಕನು ಕುಳಿತಿರುತ್ತಾನೆ. ಅವನ ಸಂಗಡ ಹೊಸ ಲೋಕಕ್ಕೆ ಇಳಿಯುವವರಲ್ಲಿ ಕೆಂಪು ಅಂಗಿಯ ಕಾವಲಿನವನೊಬ್ಬನಿರುವನು. ಅವನ ಹೆಸರು ನೋಡುವವರಿಗೆ ತಿಳಿಯುವ ಮೊದಲೇ ಅವನು ಸತ್ತಿರುವನು. ಕಥೆಯು ಅವನಿಗಾಗಿ ಒಂದು ನಿಟ್ಟುಸಿರಿಟ್ಟು ಮುಂದೆ ಸಾಗುವದು. ಇದು ಎಷ್ಟು ಸಲ ನಡೆಯಿತೆಂದರೆ, ಇಂಗ್ಲೀಷಿನಲ್ಲಿ 'ಕೆಂಪಂಗಿ' ಎಂಬದು ಸಾಯುವದಕ್ಕೆಂದೇ ಕಥೆಯಲ್ಲಿ ಬರುವ ಪಾತ್ರಕ್ಕೆ ಅಡ್ಡಹೆಸರಾಗಿಬಿಟ್ಟಿತು. ಭಾರತದ ಹಿಂದಿ ದೂರದರ್ಶನದಲ್ಲಿ ೧೯೯೮ರಲ್ಲಿ ಬಂದ ಕೇತನ್ ಮೆಹತಾ ಅವರ ಆಕಾಶಕಥೆಯ ಹೆಸರೇ 'ಕ್ಯಾಪ್ಟನ್ ವ್ಯೋಮ್' ಎಂದಿತ್ತು. ಇಂತಹ ಕಥೆಗಳಿಗೆ ನೌಕೆಗಿಂತ ನಾಯಕನೇ ಮುಖ್ಯ.

ಆದರೆ ಈ ಕಥಾಮಾಲೆಯು ಮೇಲುಕೀಳಿನ ಪ್ರಶ್ನೆಯನ್ನು ತಾನೇ ಕೈಗೆತ್ತಿಕೊಂಡ ಸಂದರ್ಭಗಳುಂಟು. ಅವುಗಳಲ್ಲಿ ೧೯೬೯ರ ಫೆಬ್ರುವರಿ ೨೮ರಂದು ಪ್ರಸಾರವಾದ 'ದ ಕ್ಲೌಡ್ ಮೈಂಡರ್ಸ್' ಎಂಬ ಕಥಾಭಾಗವು ವಿಶೇಷ ವಿಚಾರಕ್ಕೆ ಅರ್ಹವಾಗಿದೆ. ಆರ್ಡಾನ ಎಂಬ ಲೋಕದಲ್ಲಿ ಸ್ಟ್ರಾಟೋಸ್ ಎಂಬ ಪಟ್ಟಣವು ಮುಗಿಲಿನಲ್ಲಿ ತೇಲುತ್ತಿರುವದು. ಅಲ್ಲಿಯವರು ಶಿಲ್ಪ, ಸಂಗೀತ, ತತ್ತ್ವಚಿಂತನೆಗಳಲ್ಲಿ ಕಾಲವನ್ನು ಕಳೆಯುವರು. ಕೆಳಗೆ ನೆಲದ ಹೊಟ್ಟೆಯಲ್ಲಿ ಟ್ರಾಗ್ಲೈಟರೆಂಬ ಜನರು ಜೀನೈಟ್ ಎಂಬ ಖನಿಜವನ್ನು ಅಗೆಯುವರು. ಬೇರೊಂದು ಲೋಕದಲ್ಲಿ ಸಸ್ಯಗಳಿಗೆ ತಗುಲಿದ ಪೀಡೆಯನ್ನು ನಿಲ್ಲಿಸಲು ಆ ಖನಿಜ ಬೇಕಾಗಿ ಕರ್ಕನ ನೌಕೆಯು ಅಲ್ಲಿಗೆ ಬರುವದು. ಗಣಿಯವರು ದಂಗೆಯೆದ್ದಿರುತ್ತಾರೆ, ವಾನ ಎಂಬ ಹೆಣ್ಣುಮಗಳು ಅವರ ಮುಂದಾಳು. ಪಟ್ಟಣದ ಮಹಾಸಲಹೆಗಾರನಾದ ಪ್ಲಾಸಸನ ಮತದಲ್ಲಿ ಟ್ರಾಗ್ಲೈಟರು ಹುಟ್ಟಿನಿಂದಲೇ ಮಂದಬುದ್ಧಿಗಳು, ಒರಟರು, ಕಲೆಯ ಸವಿಯನ್ನರಿಯದವರು. ಮುಗಿಲಿನ ಬದುಕು ಅವರಿಗೆ ಒಗ್ಗತಕ್ಕದ್ದಲ್ಲ.

ಪ್ಲಾಸಸನನ್ನು ಕಥೆಯು ರಾಕ್ಷಸನನ್ನಾಗಿ ಮಾಡಿಲ್ಲವೆಂಬದು ಅದರ ಗುಣ. ಅವನು ಅತಿಥಿಗಳನ್ನು ಸತ್ಕರಿಸಬಲ್ಲನು, ಸೌಂದರ್ಯವನ್ನು ಮೆಚ್ಚಬಲ್ಲನು, ಮಗಳನ್ನು ಪ್ರೀತಿಸುವನು. ಹಿಂಸೆಯನ್ನು ಪಟ್ಟಣದಿಂದ ಬಹಿಷ್ಕರಿಸಿರುವೆವೆಂದು ಅವನ ಹೆಮ್ಮೆ; ಆದರೂ ಸೆರೆಸಿಕ್ಕ ವಾನಳನ್ನು ಕಿರಣಗಳಿಂದ ಯಾತನೆಗೊಳಿಸುವದು ಅವನ ಅಪ್ಪಣೆಯಿಂದಲೇ. ೧೯೪೮ರ ವರೆಗೆ ತೇರದಾಳವು ಸಾಂಗಲಿ ಸಂಸ್ಥಾನದಲ್ಲಿತ್ತು. ಜಮಖಂಡಿ, ಮುಧೋಳಗಳಿಗೆ ತಮ್ಮ ತಮ್ಮ ಸಂಸ್ಥಾನಿಕರಿದ್ದರು. ಸಂಗೀತಕ್ಕೆ ಆಶ್ರಯವಿತ್ತು ಕುಸ್ತಿಗೆ ಇನಾಮುಕೊಟ್ಟು ಮೆರೆಯುವ ದರಬಾರಿನ ಬೆಡಗು ಹೇಗಿರುವದೆಂಬದನ್ನೂ, ಅದರ ಹೊರಬಾಗಿಲಲ್ಲಿ ನಿಂತವನ ಬಾಳು ಹೇಗಿರುವದೆಂಬದನ್ನೂ ಈ ಸೀಮೆಯ ಹಿರಿಯರಿಗೆ ಯಾವ ಕಥೆಯೂ ಹೊಸದಾಗಿ ಕಲಿಸಬೇಕಾಗಿಲ್ಲ. ಸುಸಂಸ್ಕೃತನೂ ನಿರ್ದಯನೂ ಒಬ್ಬನೇ ಆಗಿರಬಹುದೆಂಬದನ್ನು ಪ್ಲಾಸಸನ ಪಾತ್ರವು ಚೆನ್ನಾಗಿ ತೋರಿಸಿದೆ.

ರಬಕವಿ-ಬನಹಟ್ಟಿ-ತೇರದಾಳಗಳ ವಾಚಕನಿಗೆ ಇಲ್ಲಿ ಮತ್ತೊಂದು ಯೋಚನೆಯೂ ಬರಬಹುದು. ಪ್ಲಾಸಸನ ಮಗಳಾದ ಡ್ರಾಕ್ಸೀನಳು ಉಟ್ಟ ನವುರಾದ ವಸ್ತ್ರವನ್ನು ಕಥೆಯು ಬಹಳ ಹೊತ್ತು ತೋರಿಸುವದು. ಆ ವಸ್ತ್ರವನ್ನು ನೆಯ್ದವರು ಯಾರು? ಗುಂಡಿಮಗ್ಗದ ಅಂಚಿನಲ್ಲಿ ಕುಳಿತು, ಕಾಲುಗಳನ್ನು ನೆಲದೊಳಗಣ ಕುಳಿಯಲ್ಲಿ ಇಳಿಬಿಟ್ಟು, ದಿನವೆಲ್ಲ ಲಾಳಿಯನ್ನೆಸೆಯುವ ಮನೆತನಗಳ ಸೀಮೆ ಇದು. ಇಳಕಲ್ಲಿನ ಸೀರೆಯಾಗಲಿ ಗುಳೇದಗುಡ್ಡದ ಖಣವಾಗಲಿ, ಉಟ್ಟವರಿಗೆ ನೆಯ್ದವನ ಹೆಸರು ತಿಳಿದಿರುವದಿಲ್ಲ. ಸ್ಟ್ರಾಟೋಸಿನ ಕಥೆಯಲ್ಲಿಯೂ ಗಣಿಯವನಿಗೆ ಹೆಸರುಂಟು, ನೇಕಾರನಿಗಿಲ್ಲ. ಇದನ್ನು ದೊಡ್ಡ ದೋಷವೆಂದು ಎತ್ತಿ ಆಡುವದು ಸರಿಯಲ್ಲ. ಒಂದು ಗಂಟೆಯ ಕಥೆಯಲ್ಲಿ ಎಲ್ಲ ಕಸಬುಗಳೂ ಹಿಡಿಸಲಾರವು.

ದೊಡ್ಡ ದೋಷವು ಬೇರೆ ಕಡೆಗಿದೆ. ಕಥೆಯ ನಡುವಿನಲ್ಲಿ ವೈದ್ಯ ಮಕಾಯನು ಒಂದು ಸಂಗತಿಯನ್ನು ಕಂಡುಹಿಡಿಯುವನು. ಅಗೆದ ಜೀನೈಟಿನಿಂದ ಕಣ್ಣಿಗೆ ಕಾಣದ, ವಾಸನೆಯಿಲ್ಲದ ವಾಯುವೊಂದು ಹೊರಡುವದು. ಅದನ್ನು ಉಸಿರಾಡಿದವರ ಬುದ್ಧಿ ಮಂದವಾಗಿ ಸಿಟ್ಟು ಹೆಚ್ಚುವದು. ಟ್ರಾಗ್ಲೈಟರೂ ಪಟ್ಟಣದವರೂ ಮೂಲತಃ ಒಂದೇ ಕುಲದವರು. ಭೇದವೆಲ್ಲ ಈ ವಾಯುವಿನದು. ಪಟ್ಟಣದ ಮನೆಯಲ್ಲಿ ಕೆಲಸಕ್ಕಿದ್ದು ಗಣಿಯಿಂದ ದೂರ ಉಳಿದ ಕಾರಣದಿಂದ ವಾನಳ ಬುದ್ಧಿ ತಿಳಿಯಾಗಿತ್ತು. ಪರಿಹಾರವೂ ಸುಲಭ: ವಾಯುವನ್ನು ತಡೆಯುವ ಮುಖಕವಚಗಳು. ಪ್ಲಾಸಸನು ಇದನ್ನು ನಂಬುವದಿಲ್ಲ. ವಾನಳಿಗೂ ಇದು ಹೊಸ ಮೋಸವೆಂದು ತೋರುವದು. ಆಗ ಕರ್ಕನು ಪ್ಲಾಸಸನನ್ನು ಗಣಿಯೊಳಕ್ಕೆ ತರಿಸಿ, ಗುಹೆಯ ಬಾಯಿ ಮುಚ್ಚಿರಲು, ಆಯುಧವನ್ನು ತೋರಿಸಿ ಅವನಿಂದ ಕೈಯಿಂದಲೇ ಮಣ್ಣನ್ನು ಅಗೆಸುವನು. ಸ್ವಲ್ಪ ಹೊತ್ತಿನಲ್ಲಿ ಮಹಾಸಲಹೆಗಾರನೂ ನೌಕಾಧಿಪತಿಯೂ ಕಾಡುಮೃಗಗಳಂತೆ ಒಬ್ಬರಮೇಲೊಬ್ಬರು ಬೀಳುವರು. ಅವರನ್ನು ಉಳಿಸುವದಕ್ಕಾಗಿ ನೌಕೆಗೆ ಕೂಗಿ ಹೇಳಬೇಕಾದವಳು ವಾನಳೇ.

ದೊರೆಯು ಮಣ್ಣು ಅಗೆಯುವ ಈ ನೋಟವು ಇಡಿಯ ಕಥಾಮಾಲೆಯಲ್ಲಿಯೇ ಉತ್ತಮವಾದವುಗಳಲ್ಲೊಂದು. ಕೀಳುತನವು ಜನ್ಮದ್ದಲ್ಲ, ನಿಂತ ನೆಲದ್ದು, ಸೇದಿದ ಉಸಿರಿನದು ಎಂಬದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಆದರೆ ಇಷ್ಟು ಹೇಳಿದ ಕಥೆಯು ಏನನ್ನು ಒಪ್ಪಿಕೊಂಡುಬಿಟ್ಟಿತೆಂಬದನ್ನು ಗಮನಿಸತಕ್ಕದ್ದು. ಗಣಿಯವರು ಮಂದಬುದ್ಧಿಗಳೆಂಬ ಪ್ಲಾಸಸನ ಮಾತು ಸುಳ್ಳಲ್ಲ, ಅವನು ಹೇಳಿದ ಕಾರಣವಷ್ಟೇ ಸುಳ್ಳು ಎಂದಾಯಿತು. ವಾಯುವು ಹೋಗಿ ಬುದ್ಧಿ ಬಂದರೆ ಅವರು ಸಮಾನರು. ಬುದ್ಧಿ ಬಾರದಿದ್ದರೆ? ಗಣಿಯ ಗಾಳಿ ಶುದ್ಧವಾಗಿಯೇ ಇದ್ದು, ಕೆಲವರು ನಿಜವಾಗಿ ನಿಧಾನಿಗಳಾಗಿದ್ದರೆ ಅವರಿಗೆ ಮುಗಿಲಿನ ಮೆಟ್ಟಲು ಇಲ್ಲವೋ? ಸಮಾನತೆಯನ್ನು ಹೀಗೆ ಯೋಗ್ಯತೆಯ ಪರೀಕ್ಷೆಗೆ ಕಟ್ಟಿಹಾಕಿದರೆ, ಪರೀಕ್ಷಕನ ಸ್ಥಾನದಲ್ಲಿ ಮತ್ತೆ ಪಟ್ಟಣದವನೇ ಕುಳಿತುಕೊಳ್ಳುವನು. ಯೋಗ್ಯತೆಯ ಮಾತು ಈ ದೇಶದಲ್ಲಿಯೂ ಬಹು ಕೇಳಿಬರುವ ಮಾತು; ಅದನ್ನು ಆಡುವವರು ಸಾಮಾನ್ಯವಾಗಿ ಮುಗಿಲ ಪಟ್ಟಣದಲ್ಲಿಯೇ ಹುಟ್ಟಿದವರಾಗಿರುತ್ತಾರೆ.

ಎರಡನೆಯದಾಗಿ, ಮುಖಕವಚಗಳನ್ನು ಧರಿಸಿಕೊಂಡು ಗಣಿಗೆ ಇಳಿಯುವವರು ಯಾರು? ಹಿಂದೆ ಇಳಿಯುತ್ತಿದ್ದವರೇ. ಖನಿಜವು ನೌಕೆಗೆ ತಲುಪುವದು, ನೌಕೆಯು ಹೊರಡುವದು. ಡ್ರಾಕ್ಸೀನಳು ತಾನೂ ಗಣಿಯನ್ನು ಕಾಣಲು ಹೋಗುವೆನೆನ್ನುವಳು. ಅವಳು ಹೋದದ್ದನ್ನು ಯಾರೂ ನೋಡಲಿಲ್ಲ. ಈ ಕಥೆಯ ಮೂಲಕಲ್ಪನೆಯಲ್ಲಿ ಪಾಲುಗಾರನಾದ ಡೇವಿಡ್ ಗೆರಾಲ್ಡನಿಗೆ ಮುಖಕವಚದ ಮುಕ್ತಾಯವು ಸೇರಿರಲಿಲ್ಲ. ೧೯೭೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಅದನ್ನು ಕಟುವಾದ ಮಾತುಗಳಿಂದ ಹಳಿದಿದ್ದಾನೆ. ದುಡಿಯುವವರಿಗೆ ಕವಚವನ್ನು ಕೊಟ್ಟು ಅದೇ ದುಡಿಮೆಗೆ ಮರಳಿ ಕಳಿಸುವದು ಪರಿಹಾರವಲ್ಲವೆಂಬದೇ ಅವನ ಹಳಹಳಿಯ ತಾತ್ಪರ್ಯ. ಕಥೆಗಾರನೇ ತನ್ನ ಕಥೆಯ ಮೇಲೆ ಹೊರಿಸಿದ ಈ ಆಕ್ಷೇಪವನ್ನು ಟೀಕಾಕಾರನು ಹಗುರುಮಾಡಬೇಕಾದ ಕಾರಣವಿಲ್ಲ.

ಇದಕ್ಕೂ ಮೂರು ತಿಂಗಳು ಮೊದಲು, ೧೯೬೮ರ ನವಂಬರ ೨೨ರಂದು ಬಂದ 'ಪ್ಲೇಟೋಸ್ ಸ್ಟೆಪ್‌ಚಿಲ್ಡ್ರನ್' ಎಂಬದರಲ್ಲಿಯೂ ಇದೇ ಹೂರಣ. ಪ್ಲೇಟೋನ ಹೆಸರಿನಿಂದ ಆದರ್ಶರಾಜ್ಯವನ್ನು ಕಟ್ಟಿಕೊಂಡ ಕೆಲವರು ಮನೋಬಲದಿಂದಲೇ ವಸ್ತುಗಳನ್ನೂ ಮನುಷ್ಯರನ್ನೂ ಆಡಿಸಬಲ್ಲರು. ಅವರ ನಡುವೆ ಅಲೆಕ್ಸಾಂಡರ್ ಎಂಬ ಕುಳ್ಳನೊಬ್ಬನಿಗೆ ಮಾತ್ರ ಆ ಬಲವಿಲ್ಲ. ಆದ್ದರಿಂದ ಅವನು ಎಲ್ಲರ ಆಳು, ಎಲ್ಲರ ವಿದೂಷಕ. ಬಲವು ಅಲ್ಲಿಯ ಆಹಾರದಲ್ಲಿರುವ ಒಂದು ದ್ರವ್ಯದಿಂದ ಬಂದದ್ದೆಂದು ವೈದ್ಯನು ಇಲ್ಲಿಯೂ ಕಂಡುಹಿಡಿಯುವನು. ಅದನ್ನು ಅಲೆಕ್ಸಾಂಡರನಿಗೂ ಚುಚ್ಚಿ ಕೊಡಲು ಸಿದ್ಧರಾದಾಗ ಅವನು ಬೇಡವೆನ್ನುವನು! ತಾನು ಅವರಂತಾಗಲಾರೆ, ಇದ್ದಂತೆಯೇ ತನ್ನನ್ನು ಬರಮಾಡಿಕೊಳ್ಳುವ ಸ್ಥಳಕ್ಕೆ ಕರೆದೊಯ್ಯಿರಿ ಎನ್ನುವನು. ಈ ಒಂದು ನಿರಾಕರಣೆಯಿಂದ, ಕಲೆಯಲ್ಲಿ ಬಹಳ ಮಟ್ಟಿಗೆ ಕೆಳಗಿನದಾದ ಈ ಕಥೆಯು ವಿಚಾರದಲ್ಲಿ ಮುಗಿಲ ಪಟ್ಟಣದ ಕಥೆಗಿಂತ ಮುಂದೆ ಹೋಗಿದೆ. ಅಲೆಕ್ಸಾಂಡರನು ಯೋಗ್ಯತೆಯ ಔಷಧವನ್ನು ಕುಡಿಯದೆಯೇ ಸಮಾನನಾಗಬಯಸಿದನು.

ಅಲೆಕ್ಸಾಂಡರನ ಈ ಬಯಕೆಗೆ ಸಮೀಪವಾದುದನ್ನು ಹುಡುಕುತ್ತ ಕನ್ನಡ ವಾಚಕನು ಕಲ್ಯಾಣದ ಕಡೆಗೆ ತಿರುಗುವದು ಸಹಜ. ತೇರದಾಳದಲ್ಲಿ ಅಲ್ಲಮಪ್ರಭುವಿನ ಗುಡಿಯಿದೆ. ಬಳ್ಳಿಗಾವೆಯಲ್ಲಿ ಮದ್ದಳೆಯನ್ನು ಬಾರಿಸುತ್ತಿದ್ದವನೆಂದು ಹರಿಹರನ ರಗಳೆಯು ವರ್ಣಿಸುವ ಆ ಅಲ್ಲಮನನ್ನು, ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ 'ಶೂನ್ಯಸಂಪಾದನೆ'ಯು ಶೂನ್ಯಸಿಂಹಾಸನದ ಮೇಲೆ ಕುಳ್ಳಿರಿಸುತ್ತದೆ. ಬಿಜ್ಜಳನ ಮಂತ್ರಿಯಾದ ಬಸವಣ್ಣನು ಆ ಪೀಠವನ್ನು ಸಿದ್ಧಪಡಿಸಿ, ತಾನು ಅದರ ಮೇಲೆ ಕೂಡದೆ, ಮದ್ದಳೆಕಾರನಿಗಾಗಿ ಕಾದಿರುವನು. ಇದು ಚರಿತ್ರೆಯೋ ಕಾವ್ಯವೋ ಎಂಬ ಪಂಡಿತರ ಚರ್ಚೆಯನ್ನು ಇಲ್ಲಿ ಎತ್ತಬೇಕಾಗಿಲ್ಲ. ಎಂಟರ್‌ಪ್ರೈಸ್ ನೌಕೆಯೂ ಚರಿತ್ರೆಯಲ್ಲವಷ್ಟೆ. ಎರಡನ್ನೂ ಆದರ್ಶಸಮಾಜದ ಕಲ್ಪನೆಗಳೆಂದೇ ಎದುರುಬದರು ಇಟ್ಟು ನೋಡಬಹುದು. ಎರಡರಲ್ಲಿಯೂ ನಡುವೆ ಒಂದು ಆಸನವಿದೆ. ಒಂದು ಆಸನದಿಂದ ಆಜ್ಞೆಗಳು ಹೊರಡುತ್ತವೆ. ಇನ್ನೊಂದರ ಹೆಸರೇ ಶೂನ್ಯ. ಅದರ ಮೇಲೆ ಕುಳಿತವನು ಯಾರಿಗೂ ಏನನ್ನೂ ಅಪ್ಪಣೆಮಾಡುವದಿಲ್ಲ, ಕೇಳುತ್ತಾನೆ, ಕೆಣಕುತ್ತಾನೆ.

ಕಲ್ಯಾಣದ ಕಥೆಗಳಲ್ಲಿ ನುಲಿಯ ಚಂದಯ್ಯನದು ಪ್ರಕೃತ ವಿಷಯಕ್ಕೆ ಬಹಳ ಹತ್ತಿರವಾದುದು. ಕೆರೆಯಲ್ಲಿ ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರುವದು ಅವನ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಕೊರಳಿನ ಲಿಂಗವು ನೀರಿಗೆ ಬಿದ್ದಿತು. ಕಾಯಕ ನಿಲ್ಲಬಾರದೆಂದು ಅವನು ಅದನ್ನು ಎತ್ತಿಕೊಳ್ಳದೆ ಹೊರೆಯನ್ನು ಹೊತ್ತು ಹೊರಟನು. ಲಿಂಗವೇ ಅವನ ಬೆನ್ನಟ್ಟಿ ಬಂದು ಬೇಡಿಕೊಂಡಿತಂತೆ. ಚಂದಯ್ಯ ಒಪ್ಪಲಿಲ್ಲ. ಕಡೆಗೆ ಮಡಿವಾಳ ಮಾಚಯ್ಯನು ನಡುವೆ ಬಂದು ಸಂಧಾನಮಾಡಿಸಬೇಕಾಯಿತು. ಲಿಂಗವು ಹಗ್ಗವನ್ನು ಮಾರಿಕೊಂಡು ಬರುವ ಕೆಲಸಕ್ಕೆ ನಿಂತಿತು. ಹಗ್ಗ ಹೊಸೆಯುವವನ ಬುದ್ಧಿ ಎಷ್ಟೆಂದು ಇಲ್ಲಿ ಯಾರೂ ಅಳೆಯಲಿಲ್ಲ. ಅಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ದೇವರೇ ಅವನ ಕಸಬಿನ ಹತ್ತಿರಕ್ಕೆ ಇಳಿದುಬರಬೇಕಾಯಿತು. ಸಂಧಾನಕ್ಕೆ ಬಂದವನೂ ಮಂತ್ರಿಯಲ್ಲ, ಬಟ್ಟೆ ಒಗೆಯುವವನು. ಸ್ಟ್ರಾಟೋಸಿನ ಕಥೆಯಲ್ಲಾದರೋ ಸಂಧಾನವು ಆಯುಧವನ್ನು ಹಿಡಿದ ಹೊರಗಿನ ನೌಕಾಧಿಪತಿಯಿಂದಲೇ ಆಗಬೇಕು.

ಇಲ್ಲಿ ಒಂದು ಆಕ್ಷೇಪ ಬರುವದು, ಅದು ಗಟ್ಟಿಯಾದ ಆಕ್ಷೇಪವೇ. ಚಂದಯ್ಯನು ಕೊನೆಗೂ ಹಗ್ಗವನ್ನೇ ಹೊಸೆಯುತ್ತ ಉಳಿದನಲ್ಲವೆ? ಮಾಚಯ್ಯನು ಬಟ್ಟೆಯನ್ನೇ ಒಗೆದನು, ಹರಳಯ್ಯನು ಕೆರವನ್ನೇ ಹೊಲಿದನು. ಹಾಗಾದರೆ ಕವಚ ಧರಿಸಿ ಗಣಿಗೆ ಮರಳಿದ ಟ್ರಾಗ್ಲೈಟರಿಗೂ ಇವರಿಗೂ ಭೇದವೇನು? ಕಾಯಕದ ಸ್ತುತಿಯನ್ನು ದುಡಿಯುವವನನ್ನು ಇದ್ದಲ್ಲಿಯೇ ಇರಿಸುವದಕ್ಕೆ ಬಳಸಿಕೊಂಡವರು ಆಮೇಲಿನ ಶತಮಾನಗಳಲ್ಲಿ ಇಲ್ಲದಿಲ್ಲ. ಇದನ್ನು ಮುಚ್ಚಿಡುವದರಿಂದ ಲಾಭವಿಲ್ಲ. ಭೇದವು ಇರುವದು ಮಾತಿನಲ್ಲಿ. ಕಲ್ಯಾಣದಲ್ಲಿ ಹಗ್ಗದವನೂ ಮಡಿವಾಳನೂ ಅಕ್ಕಿಯನ್ನಾಯುವ ಆಯ್ದಕ್ಕಿ ಲಕ್ಕಮ್ಮನೂ ತಮ್ಮ ತಮ್ಮ ಅಂಕಿತವನ್ನಿಟ್ಟು ತಾವೇ ವಚನಗಳನ್ನು ನುಡಿದರು. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮರಳಿ ಸುರಿದು ಬಾರೆಂದು ಕಳಿಸಿದವಳು ಲಕ್ಕಮ್ಮ. ದಣಿಗಳ ಪರವಾಗಿ ಇನ್ನೊಬ್ಬರು ಬಂದು ಅವಳಿಗೆ ತೃಪ್ತಿಯನ್ನು ಉಪದೇಶಿಸಲಿಲ್ಲ. ಎಷ್ಟು ಸಾಕೆಂಬದನ್ನು ನಿರ್ಣಯಿಸಿದವಳು ಅವಳೇ. ವಾನಳಿಗೆ ಕೋಪವುಂಟು, ಧೈರ್ಯವುಂಟು. ಆದರೆ ಗಣಿಯವರಿಗೆ ಏನು ಬೇಕೆಂಬದನ್ನು ಕೊನೆಗೆ ಗೊತ್ತುಮಾಡಿದವರು ಕರ್ಕನೂ ಅವನ ವೈದ್ಯನೂ.

ಮತ್ತು ಕಲ್ಯಾಣವು ಕೇವಲ ಮಾತಿನಲ್ಲಿ ನಿಲ್ಲಲಿಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣನಾದ ಮಧುವರಸನ ಮಗಳಿಗೂ ಮದುವೆಯಾಯಿತೆಂದೂ, ಅದಕ್ಕಾಗಿ ಆ ಇಬ್ಬರು ತಂದೆಗಳಿಗೆ ಮರಣದಂಡನೆಯಾಯಿತೆಂದೂ, ೧೧೬೭-೬೮ರ ಸುಮಾರಿಗೆ ಬಿಜ್ಜಳನ ಕೊಲೆಯೂ ಶರಣರ ಚದುರುವಿಕೆಯೂ ನಡೆದುವೆಂದೂ ಪರಂಪರೆಯು ಹೇಳುವದು. ಗಿರೀಶ ಕಾರ್ನಾಡರು ೧೯೯೦ರಲ್ಲಿ 'ತಲೆದಂಡ'ವನ್ನು ಬರೆದಾಗ ಈ ಮದುವೆಯನ್ನೇ ನಾಟಕದ ನಡುಗಂಬವನ್ನಾಗಿ ಮಾಡಿಕೊಂಡರು. ಆದರ್ಶವು ಪದವಿಯನ್ನು ಬಿಟ್ಟು ಮನೆಯ ಒಲೆಯ ಹತ್ತಿರಕ್ಕೆ, ಹೆಣ್ಣು ಕೊಟ್ಟು ತರುವ ಮಾತಿಗೆ ಬಂದಾಗಲೇ ಪಟ್ಟಣ ಹೊತ್ತಿ ಉರಿಯಿತು. ದೂರದರ್ಶನದ ಆದರ್ಶಕ್ಕೆ ಇಂತಹ ಆಪತ್ತು ಬರುವದಿಲ್ಲ. ಗಂಟೆ ಮುಗಿಯುವಷ್ಟರಲ್ಲಿ ನೌಕೆಯು ಆ ಲೋಕವನ್ನು ಬಿಟ್ಟಿರುವದು. ಸ್ಟ್ರಾಟೋಸಿನಲ್ಲಿ ಮರುದಿನ ಏನಾಯಿತೆಂದು ಕೇಳಲು ಕರ್ಕನು ಮತ್ತೆ ಹೋಗಲಿಲ್ಲ. ಕಲ್ಯಾಣದ ಶರಣರಿಗೆ ಹೊರಟುಹೋಗಲು ಬೇರೊಂದು ನಕ್ಷತ್ರವಿರಲಿಲ್ಲ, ಉಳವಿಯ ಕಾಡಿತ್ತು.

ರಾಡನ್‌ಬೆರಿಯ ಕಥಾಮಾಲೆಗೆ ಆಮೇಲೆ ಅನೇಕ ಸಂತತಿಗಳಾದವು. ೧೯೮೭ರಲ್ಲಿ ಮೊದಲಾದ 'ನೆಕ್ಸ್ಟ್ ಜನರೇಶನ್' ಎಂಬದರಲ್ಲಿ, ಕೇಳಿದ ವಸ್ತುವನ್ನು ಕ್ಷಣಾರ್ಧದಲ್ಲಿ ಸೃಷ್ಟಿಸಿ ಕೊಡುವ ಯಂತ್ರವು ನೌಕೆಯಲ್ಲಿದೆ. ಅನ್ನವೂ ವಸ್ತ್ರವೂ ಗೋಡೆಯ ಗೂಡಿನಿಂದ ಬರುವವು. ಬೆಳೆದವರಾರು, ನೆಯ್ದವರಾರು ಎಂಬ ಪ್ರಶ್ನೆಯನ್ನು ಹೀಗೆ ಒಂದೇ ಪೆಟ್ಟಿಗೆ ಅಳಿಸಿಹಾಕಿದ್ದು ಜಾಣತನವೇ ಹೊರತು ಉತ್ತರವಲ್ಲ. ಪ್ರಶ್ನೆಯು ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿತು. ೧೯೮೯ರ ಫೆಬ್ರುವರಿಯಲ್ಲಿ ಬಂದ 'ದ ಮೆಷರ್ ಆಫ್ ಎ ಮ್ಯಾನ್' ಎಂಬ ಕಥಾಭಾಗವನ್ನು ನ್ಯಾಯವಾದಿಯಾಗಿದ್ದ ಮೆಲಿಂಡ ಸ್ನಾಡ್‌ಗ್ರಾಸ್ ಎಂಬವಳು ಬರೆದಳು. ಡೇಟಾ ಎಂಬ ಯಂತ್ರಮಾನವನು ನೌಕೆಯ ಅಧಿಕಾರಿ. ಅವನನ್ನು ಬಿಚ್ಚಿ ನೋಡಿ, ಅವನಂತಹ ಸಾವಿರಾರು ಯಂತ್ರಗಳನ್ನು ಮಾಡಬೇಕೆಂದು ವಿಜ್ಞಾನಿಯೊಬ್ಬನು ಬರುವನು, ಡೇಟಾ ಒಪ್ಪುವದಿಲ್ಲ, ವಸ್ತುವಿಗೆ ಒಪ್ಪಿಗೆಯೇನು ಎಂದು ವಾದ ನಡೆಯುವದು. ನಾಯಕ ಪಿಕಾರ್ಡನು ಡೇಟಾನ ಪರವಾಗಿ ನಿಂತರೂ ದಾರಿ ಕಾಣದಿರುವಾಗ, ಗೈನನ್ ಎಂಬ ಕಪ್ಪು ವರ್ಣದ ಹೆಂಗಸು ಅವನಿಗೆ ಒಂದು ಮಾತನ್ನು ನೆನಪುಮಾಡಿಕೊಡುವಳು: ಬೇಡಾದಾಗ ಎಸೆಯಬಹುದಾದ ಜೀವಿಗಳನ್ನು ಕೊಳಕು ಕೆಲಸಕ್ಕೆ ಹಚ್ಚುವದು ಅನೇಕ ಲೋಕಗಳ ವಾಡಿಕೆ. ಪಿಕಾರ್ಡನಿಗೆ ಆಗ ಹೊಳೆಯುವದು, ಇದರ ಹೆಸರು ದಾಸ್ಯವೆಂದು.

ಈ ಕಥಾಭಾಗದ ನಾಟಕೀಯತೆಯು ಪ್ರಶಂಸೆಗೆ ಪಾತ್ರವಾದುದು; ಡೇಟಾನಿಗೆ ತನ್ನ ಮಾರ್ಗವನ್ನು ತಾನು ಆರಿಸಿಕೊಳ್ಳುವ ಹಕ್ಕೂ ದೊರೆಯುವದು. ಆದರೂ ನ್ಯಾಯಸ್ಥಾನದಲ್ಲಿ ಮತ್ತೆ ಅದೇ ಅಳತೆಗೋಲು ಹೊರಬಂದಿತು. ಬುದ್ಧಿಯಿದೆಯೋ, ಆತ್ಮಜ್ಞಾನವಿದೆಯೋ, ಪ್ರಜ್ಞೆಯಿದೆಯೋ ಎಂದು ಡೇಟಾನನ್ನು ಪರೀಕ್ಷಿಸಲಾಯಿತು. ಅವನು ಪದಕಗಳನ್ನು ಗಳಿಸಿದ ಅಧಿಕಾರಿಯಾಗಿದ್ದನು, ಗೆದ್ದನು. ಅದೇ ನೌಕೆಯಲ್ಲಿ ನೆಲವನ್ನು ಒರೆಸುವ ಯಂತ್ರವೊಂದಿದ್ದರೆ ಅದರ ಪರವಾಗಿ ನಿಲ್ಲಲು ನಾಯಕನು ಬರುತ್ತಿದ್ದನೆ? ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಕವಿಚಕ್ರವರ್ತಿಯಾದನೆಂದು ಈ ಸೀಮೆಯು ಸಾವಿರ ವರ್ಷಗಳಿಂದ ಹೆಮ್ಮೆಪಡುತ್ತಿದೆ, ಅದು ತಕ್ಕದ್ದೇ. ಕವಿಯಾಗದೆ ಬಳೆಗಳನ್ನೇ ಮಾರಿಕೊಂಡಿದ್ದ ಅವನ ಅಣ್ಣತಮ್ಮಂದಿರ ವಿಷಯವಾಗಿ ಆದರ್ಶರಾಜ್ಯವು ಏನು ಹೇಳುವದೆಂಬದು ಮಾತ್ರ ಡೇಟಾನ ಗೆಲವಿನಿಂದ ಇತ್ಯರ್ಥವಾಗುವದಿಲ್ಲ.

ಕಥಾಮಾಲೆಯವರಿಗೂ ಇದು ಇತ್ಯರ್ಥವಾಗಿಲ್ಲವೆಂದು ತಿಳಿದಿತ್ತೆಂಬದಕ್ಕೆ ಸಾಕ್ಷಿಯು ೨೦೦೧ರ ಏಪ್ರಿಲ ೧೮ರಂದು ಪ್ರಸಾರವಾದ 'ಆಥರ್, ಆಥರ್' ಎಂಬ ಕಥಾಭಾಗ. 'ವಾಯೇಜರ್' ಎಂಬ ಬೇರೊಂದು ನೌಕೆಯ ವೈದ್ಯನು ಮನುಷ್ಯನಲ್ಲ, ಬೆಳಕಿನಿಂದ ರಚಿಸಿದ ಆಕೃತಿ. ಅವನು ತನ್ನಂತಹವರ ದಾಸ್ಯವನ್ನು ಕುರಿತು ಒಂದು ಕಾದಂಬರಿಯನ್ನು ಬರೆಯುವನು. ಪ್ರಕಾಶಕನು ಅವನ ಒಪ್ಪಿಗೆಯಿಲ್ಲದೆ ಅದನ್ನು ಹಂಚಿಬಿಡುವನು. ಬೆಳಕಿನ ಆಕೃತಿಗೆ ಗ್ರಂಥಕರ್ತನ ಹಕ್ಕೆಲ್ಲಿಯದು ಎಂಬದು ಅವನ ವಾದ. ನ್ಯಾಯಾಧಿಕಾರಿಯು ಅರ್ಧ ದಾರಿಯಲ್ಲಿ ನಿಲ್ಲುವನು: ಈತನು ವ್ಯಕ್ತಿಯೆಂದು ಹೇಳಲು ತಾನು ಸಿದ್ಧನಲ್ಲ, ಕಲಾವಿದನೆಂದು ಒಪ್ಪಲು ಅಡ್ಡಿಯಿಲ್ಲ. ಇಲ್ಲಿಗೆ ಕಥೆ ಮುಗಿಯಿತೆಂದು ನೋಡುವವನು ತಿಳಿಯುವಾಗ ಒಂದು ಚಿಕ್ಕ ನೋಟವಿದೆ. ನಾಲ್ಕು ತಿಂಗಳ ತರುವಾಯ. ಭೂಮಿಯ ಕಡೆಯ ಆಕಾಶದಲ್ಲಿ ಒಂದು ಗಣಿ. ಆ ವೈದ್ಯನ ಮುಖವನ್ನೇ ಹೊತ್ತ, ಹಳತಾದುವೆಂದು ವೈದ್ಯಕೆಲಸದಿಂದ ತೆಗೆದುಹಾಕಲ್ಪಟ್ಟ ಆಕೃತಿಗಳು ಸಾಲುಸಾಲಾಗಿ ಕಲ್ಲನ್ನು ಒಡೆಯುತ್ತಿವೆ. ಉಸಿರಾಡದವರಾದ್ದರಿಂದ ಅವರಿಗೆ ಮುಖಕವಚಗಳು ಬೇಕಾಗಿಲ್ಲ. ಆರ್ಡಾನದ ಗಣಿಯಾಗಿ ಮೂವತ್ತೆರಡು ವರ್ಷಗಳಾಗಿದ್ದುವು. ಈ ಸಲ ಗಣಿಯಿರುವದು ಅನ್ಯಲೋಕದವರದಲ್ಲ, ಹಸಿವಿಲ್ಲದ ವರ್ಣದ್ವೇಷವಿಲ್ಲದ ಅದೇ ಆದರ್ಶರಾಜ್ಯದ್ದು. ತಪಾಸಣೆಗೆಂದು ಹೊರಟ ಒಬ್ಬನನ್ನು ಪಕ್ಕದಲ್ಲಿ ಕಲ್ಲು ಒಡೆಯುತ್ತಿದ್ದವನು ತಡೆದು, ಅಲ್ಲಿ ಒಂದು ಕಾದಂಬರಿಯನ್ನು ಕೇಳಿ ನೋಡೆಂದು ಅದರ ಹೆಸರನ್ನು ಮೆಲ್ಲಗೆ ಹೇಳಿ, ಮತ್ತೆ ತನ್ನ ಕಲ್ಲಿನ ಕಡೆಗೆ ತಿರುಗುವನು.